ಯಾರ ರುಚಿಗೆ ತಕ್ಕಷ್ಟು ಉಪ್ಪು?

ಆಗ ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳ ಮೈ ಆರಿರಲಿಲ್ಲ, ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಏಳು ಸಮುದ್ರದಾಚೆ, ಮೋಡಕ್ಕಿಂತ ಎತ್ತರದ ಬೆಟ್ಟವೊಂದರಲ್ಲಿ ವಿಸ್ಕಾಚ ಅನ್ನುವ ಪುಟಾಣಿ ಪ್ರಾಣಿ ಇದ್ದ. ಕಿವಿ ನೋಡಿದರೆ ಮೊಲ, ಹಲ್ಲು ನೋಡಿದರೆ ಇಲಿ. ಕುಲದಲ್ಲಿ ಇಲಿಯೇ ಅನ್ನಿ. ಆದರೆ ಅವನೆದುರು ಹಾಗನ್ನಬೇಡಿ, ಮೂತಿ ಊದಿಸಿಕೊಳ್ಳುತ್ತಾನೆ.

ಅಲ್ಲಿನ ಬೆಟ್ಟದಜ್ಜಿಯ ಹತ್ತಿರ ಎಂದೂ ಬತ್ತದ ಸಾರಿನ ಗಡಿಗೆ ಇತ್ತು. ಪ್ರಾಣಿಗಳಿಗೆಲ್ಲ ಅವಳದೇ ಊಟ. ಒಂದು ದಿನ ಅಜ್ಜಿ ವಿಸ್ಕಾಚನನ್ನು ಕರೆದು, "ಮರೀ, ಸೌದೆ ತರ್ತೀನಿ. ಸಾರಿಗೆ ರುಚಿಗೆ ತಕ್ಕಷ್ಟು ಉಪ್ಪು ಹಾಕಿರು" ಅಂದಳು.

ಯಾರ ರುಚಿಗೆ ಅಂತ ಕೇಳಬೇಕೋ ಬೇಡವೋ? ಕೇಳಲಿಲ್ಲ ಪುಣ್ಯಾತ್ಮ. ಚಿಟಿಕೆ ಹಾಕಿದ, ನೆಕ್ಕಿದ. ಸಪ್ಪೆ. ಹಿಡಿ ಹಾಕಿದ, ನೆಕ್ಕಿದ. ಆಹಾ! ಇನ್ನೊಂದು ಹಿಡಿ ಹಾಕಿದರೆ ಇನ್ನೂ ಆಹಾ ಆಗಬೇಕಲ್ಲ? ಹಾಕಿದ, ನೆಕ್ಕಿದ. ನೆಕ್ಕಿ ನೆಕ್ಕಿ ನಾಲಿಗೆಯೇ ಜಡ್ಡುಗಟ್ಟಿತು. "ಅಯ್ಯೋ, ಮತ್ತೆ ಸಪ್ಪೆ!" ಅಂತ ಮೂಟೆಯನ್ನೇ ಸುರಿದುಬಿಟ್ಟ.

ದಾರಿಯಲ್ಲಿ ಹೋಗುತ್ತಿದ್ದ ಗಾಳಿ ಒಂದು ಗುಟುಕು ಕುಡಿದು, "ಥೂ ಥೂ! ಏನೋ ಇದು?" ಅಂತ ಉಗಿದು ಓಡಿತು.

ವಿಸ್ಕಾಚ ಆಚೀಚೆ ನೋಡಿದ. ಅಜ್ಜಿ ಬರುವ ಮುಂಚೆ ಬಚ್ಚಿಡೋಣ ಅಂತ ಗಡಿಗೆಯನ್ನು ಬಂಡೆಯ ಬಿರುಕಿಗೆ ತಳ್ಳಿದ. ಅದು ವಾಲಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಬತ್ತದ ಗಡಿಗೆಯಲ್ಲವೇ? ಸುರಿಯಿತು, ಸುರಿಯಿತು, ಸುರಿಯುತ್ತಲೇ ಇತ್ತು. ಉಪ್ಪುನೀರು ಇಳಿಜಾರು ಹಿಡಿದು ಓಡಿತು.

ಕೆಳಗೆ ಸಿಹಿನೀರಿನ ನದಿ. ವಿಸ್ಕಾಚನ ಅವ್ವ, ಪುಟ್ಟ ತಂಗಿಯರು, ಇಡೀ ಕಣಿವೆ ಕುಡಿಯುತ್ತಿದ್ದದ್ದು ಅದನ್ನೇ. ಈ ಉಪ್ಪು ಅದಕ್ಕೆ ಸೇರಿದರೆ ಅವರ ಗತಿಯೇನು? ಅವನಿಗೆ ಅಳುವೇ ಬಂತು.

ಸೌದೆ ಹೊತ್ತು ಬಂದ ಅಜ್ಜಿ ಎಲ್ಲ ನೋಡಿ ಸೊಂಟಕ್ಕೆ ಕೈಯಿಟ್ಟಳು. "ಉಪ್ಪು ತಿಂದವನು ನೀರು ಕುಡೀಲೇಬೇಕು. ಕುಡಿ!"

"ಇಷ್ಟೊಂದಾ ಅಜ್ಜೀ?"

"ಕುಡಿಯೋಕಾಗದಿದ್ರೆ ತಡಿ!"

ನೀರಿಗಿಂತ ಮುಂದೆ ಓಡಿದ. ಮಣ್ಣು ಕೆದರಿ, ಸುತ್ತ ಬದು ಹಾಕಿ ಪುಟ್ಟ ಮಡಿ ಕಟ್ಟಿದ. ತುಂಬಿ ಉಕ್ಕಿತು. ಅದರ ಕೆಳಗೆ ಇನ್ನೊಂದು ಕಟ್ಟಿದ. ಅದೂ ಉಕ್ಕಿತು. ಅದರ ಕೆಳಗೆ ಮತ್ತೊಂದು. ಬೆಟ್ಟದ ತುಂಬ ಮೆಟ್ಟಿಲು ಮೆಟ್ಟಿಲಾಗಿ ಮಡಿಗಳೇ ಮಡಿಗಳು! ಕೊನೆಗೆ ನದಿ ಒಂದೇ ನೆಗೆತದ ದೂರದಲ್ಲಿತ್ತು. ವಿಸ್ಕಾಚ ತಾನೇ ಅಡ್ಡ ಕೂತು ಕೂಗಿದ: "ಸೂರಪ್ಪಾ, ನೀನಾದ್ರೂ ಕುಡಿಯಪ್ಪಾ!"

ಸೂರ್ಯ ಬಗ್ಗಿ ನೋಡಿದ. "ನೀರು ಕುಡೀತೀನಿ, ಉಪ್ಪು ಮಾತ್ರ ನನಗೆ ಬೇಡ. ಆದ್ರೆ ಒಬ್ಬನೇ ಕುಡಿಯೋಕೆ ಬೇಜಾರು ಕಣೋ. ದಿನಾ ಬೆಳಿಗ್ಗೆ ಎದುರಿಗೆ ಬಂದು ಕೂರ್ತೀಯಾ?"

"ಕೂರ್ತೀನಿ, ಕೂರ್ತೀನಿ!"

ಸೂರ್ಯ ಕುಡಿದ. ಮಡಿಗಳಲ್ಲಿ ಬೆಳ್ಳನೆಯ ಉಪ್ಪು ಉಳಿಯಿತು. ನದಿ ಸಿಹಿಯಾಗಿಯೇ ಇತ್ತು. ಸುದ್ದಿ ಕೇಳಿ ಓಡಿ ಬಂದ ಅವ್ವ ಮೊದಲು ಮಗನ ಕಿವಿ ಹಿಂಡಿದಳು, ಆಮೇಲೆ ಗಟ್ಟಿಯಾಗಿ ತಬ್ಬಿಕೊಂಡಳು. ಅಜ್ಜಿ ಚಿಕ್ಕ ಗಡಿಗೆಯಲ್ಲಿ ಹೊಸ ಸಾರಿಟ್ಟು, ಆ ಉಪ್ಪನ್ನೇ ಒಂದು ಚಿಟಿಕೆ ಹಾಕಿ, ಎಲ್ಲರಿಗೂ ಬಡಿಸಿದಳು.

ಇವತ್ತಿಗೂ ಆ ಬೆಟ್ಟದ ಮೈಮೇಲೆ ಉಪ್ಪಿನ ಮಡಿಗಳು ಬೆಳ್ಳಗೆ ಹೊಳೆಯುತ್ತವೆ, ಬೆಳಿಗ್ಗೆ ವಿಸ್ಕಾಚ ಬಂಡೆಯ ಮೇಲೆ ಅರೆಗಣ್ಣಲ್ಲಿ ಕೂತಿರುತ್ತಾನೆ. ತೂಕಡಿಸುವ ಸೋಮಾರಿ ಅಂತ ನಗಬೇಡಿ. ಸೂರ್ಯನ ಎದುರು ಕೂತವನಿಗೆ ಪೂರ್ತಿ ಕಣ್ಣು ಬಿಡೋಕಾಗುತ್ತಾ? ಪೂರ್ತಿ ಮುಚ್ಚೋಣ ಅಂದರೆ, ಗಡಿಗೆ ಇನ್ನೂ ಸುರಿಯುತ್ತಲೇ ಇದೆಯಲ್ಲ!