ಏಳನೆಯ ಸಾಲು

"ಗುರುಗಳೇ, ನೀವು ಕೊಟ್ಟ ಮಾತನ್ನು ಪರೀಕ್ಷಿಸಿ ನೋಡುವುದು ಅಪಚಾರವಲ್ಲವೇ?" ಎಂದು ಚೆನ್ನವೀರನೆಂಬ ಶಿಷ್ಯನು ಕೇಳಿದನು. "ಅರ್ಥವಾಗಲಿ ಆಗದಿರಲಿ, ಕೊಟ್ಟದ್ದನ್ನು ಕೊಟ್ಟ ಹಾಗೆಯೇ ನಡೆಸಿಕೊಂಡು ಹೋಗುವುದು ತಾನೇ ಭಕ್ತಿ?"

ಅವನು ಮರುದಿನ ಮಠವನ್ನು ಬಿಟ್ಟು ಬೇರೊಂದು ಊರಿಗೆ ಬೋಧನೆಗೆ ಹೊರಡುವವನಿದ್ದನು. ಗುರುಗಳ ಮಾತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದನು. ಆ ಪುಸ್ತಕ ಅವನ ತೊಡೆಯ ಮೇಲಿತ್ತು.

ಗುರುಗಳು ಪುಸ್ತಕದ ಕಡೆಗೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಕಡಲ ತೀರದ ಒಂದು ಬಂದರಿನಲ್ಲಿ ಒಂದು ಸಣ್ಣ ಕಚೇರಿ ಇತ್ತು. ಬಿರುಗಾಳಿ ಬರುತ್ತದೆಂದು ತಿಳಿದರೆ, ಮೀನಿಗೆ ಹೋದ ದೋಣಿಗಳಿಗೆಲ್ಲ ಫೋನಿನಲ್ಲಿ ಸುದ್ದಿ ಮುಟ್ಟಿಸುವುದು ಆ ಕಚೇರಿಯ ಕೆಲಸ. ಒಬ್ಬೊಬ್ಬರನ್ನೇ ಕರೆದು ಹೇಳಿ ಮುಗಿಯುವ ಕೆಲಸವೇ ಅದು? ಒಂದು ಸರ್ವರ್ ಅದನ್ನು ಮಾಡುತ್ತಿತ್ತು. ದೋಣಿಗೆ ಎರಡು ನಂಬರು. ಒಂದು ಕಡಲಿನಲ್ಲಿರುವ ಗಂಡಸಿನದು, ಇನ್ನೊಂದು ಮನೆಯಲ್ಲಿರುವ ಹೆಂಗಸಿನದು. ಸುದ್ದಿ ಬಂದರೆ ಗಂಡಸರು ದೋಣಿ ತಿರುಗಿಸುತ್ತಿದ್ದರು. ಹೆಂಗಸರು ಮರಳಿನ ಮೇಲೆ ಒಣಹಾಕಿದ ಮೀನು ಎತ್ತುತ್ತಿದ್ದರು.

ಸರ್ವರನ್ನು ನೋಡಿಕೊಳ್ಳಲು ಒಬ್ಬ ಹಿರಿಯನಿದ್ದನು. ಯಾವ ಕೆಲಸಕ್ಕೆ ಯಾವ ಕೋಡ್ ಬೇಕೋ ಅದನ್ನು ಅವನು ಒಂದು ಪುಸ್ತಕದಲ್ಲಿ ಪುಟಕ್ಕೊಂದರಂತೆ ಬರೆದಿಡುತ್ತಿದ್ದನು. ಎಲ್ಲವೂ ಸಣ್ಣ ತುಣುಕುಗಳು. ಐದು ಸಾಲು, ಎಂಟು ಸಾಲು. ಬೇಕಾದಾಗ ಪುಟ ತೆರೆದು ಇದ್ದ ಹಾಗೆ ಟೈಪು ಮಾಡಿದರೆ ಆಯಿತು. ಕೆಲಸ ಬಿಡುವ ದಿನ ಅವನು ಆ ಪುಸ್ತಕವನ್ನು ತನ್ನ ಸ್ಥಾನಕ್ಕೆ ಬಂದ ನೌಕರನ ಕೈಗಿತ್ತು, "ಇದರಲ್ಲಿ ಎಲ್ಲ ಇದೆ" ಎಂದು ಹೇಳಿ ಹೋದನು.

ನೌಕರನು ಭಯಭಕ್ತಿಯುಳ್ಳವನು. ಕಣ್ಣಿಗೊತ್ತಿಕೊಳ್ಳದೆ ಪುಸ್ತಕ ತೆರೆದವನಲ್ಲ. ಆಯುಧಪೂಜೆಗೆ ಅದರ ರಟ್ಟಿಗೆ ಕುಂಕುಮ ಇಡುತ್ತಿದ್ದನು. ಒಂದು ಸಾಲನ್ನೂ ತಿದ್ದಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಆ ಸರ್ವರ್ ಕೆಟ್ಟಿತು. ಹೊಸದು ಬಂತು. ನೌಕರನು ಪುಸ್ತಕವನ್ನು ಮುಂದಿಟ್ಟುಕೊಂಡು ಒಂದೊಂದೇ ತುಣುಕನ್ನು ಅದಕ್ಕೆ ಇಳಿಸಿದನು. ಸುದ್ದಿ ಕಳುಹಿಸುವ ಪುಟದಲ್ಲಿ ಎಂಟು ಸಾಲುಗಳಿದ್ದವು. ಏಳನೆಯದು ಏಕೆ ಇದೆಯೆಂದು ಅವನಿಗೆ ತಿಳಿಯಲಿಲ್ಲ. ಕೈ ನಿಂತಿತು. 'ಹಿರಿಯರು ಸುಮ್ಮನೆ ಬರೆದಿರಲಾರರು' ಎಂದುಕೊಂಡು ಅದನ್ನೂ ಸೇರಿಸಿದನು. ಕೆಲಸವೆಲ್ಲ ಸುಸೂತ್ರವಾಗಿ ಮುಗಿಯಿತೆಂದು ದೇವರಿಗೆ ಕಾಯಿ ಒಡೆಸಿದನು.

ಅದಾಗಿ ಹದಿನೈದನೆಯ ದಿನ ಮಧ್ಯಾಹ್ನ ಬಿರುಗಾಳಿಯ ಮುನ್ಸೂಚನೆ ಬಂತು. ಕಡಲಿನಲ್ಲಿ ನಲವತ್ತು ದೋಣಿಗಳಿದ್ದವು. ನೌಕರನು ಗುಂಡಿ ಒತ್ತಿದನು. 'ಎಂಬತ್ತು ನಂಬರುಗಳಿಗೆ ಕಳುಹಿಸಲಾಗಿದೆ' ಎಂದು ಪರದೆ ತೋರಿಸಿತು. ಅವನು ನೆಮ್ಮದಿಯಿಂದ ಕುಳಿತನು.

ಒಂದು ಗಂಟೆ ಕಳೆಯಿತು. ಮೀನು ಒಣಗಿಸುವ ಒಬ್ಬ ಹೆಂಗಸು ಬರಿಯ ಬುಟ್ಟಿ ಹಿಡಿದುಕೊಂಡು ಕಚೇರಿಗೆ ಬಂದಳು.

"ಏನು ಮಾರಾಯಾ, ಮೀನು ಎತ್ತುವುದಾ ಬೇಡವಾ? ಆಕಾಶ ನೋಡಿದರೆ ಕಾವಲಿಯ ತಳದ ಹಾಗೆ ಉಂಟು. ನಿನ್ನ ಡಬ್ಬಿ ಮಾತ್ರ ಮೌನವ್ರತ ಹಿಡಿದಿದೆ."

"ಆಗಲೇ ಕಳುಹಿಸಿದೆನಲ್ಲ ಅಕ್ಕಾ, ಗಂಟೆಯೇ ಆಯಿತು. ಇಲ್ಲಿ ನೋಡಿ, ಎಂಬತ್ತೂ ಹೋಗಿದೆ."

"ಹೋದದ್ದು ಎಲ್ಲಿಗೆ?" ಅವಳು ಸೊಂಟದಿಂದ ಫೋನು ತೆಗೆದು ಮೇಜಿನ ಮೇಲಿಟ್ಟಳು. "ನಮ್ಮವರೂ ಮೈದುನನೂ ಒಂದೇ ದೋಣಿಯಲ್ಲಿದ್ದಾರೆ. ನಿನ್ನ ಪರದೆ ಹೇಳಿದರೆ ನನಗೆ ಸಾಲದು. ಇದು ಹೇಳಲಿ."

ನೌಕರನು ಇನ್ನೊಮ್ಮೆ ಗುಂಡಿ ಒತ್ತಿದನು. ಪರದೆ ಅದೇ ಮಾತು ತೋರಿಸಿತು. ಮೇಜಿನ ಮೇಲಿನ ಫೋನು ಸದ್ದು ಮಾಡಲಿಲ್ಲ. ಅವನು ಕಿಟಕಿಯಿಂದ ಹೊರಗೆ ನೋಡಿದನು. ತೀರದ ಉದ್ದಕ್ಕೂ ಮೀನು ಹರಡಿದ ಹಾಗೆಯೇ ಇತ್ತು. ಎತ್ತುವವರು ಒಬ್ಬರೂ ಇರಲಿಲ್ಲ.

ಅವನು ಕಿಟಕಿಯಿಂದ ಮೇಜಿಗೆ ಮರಳಿದನು. ಪುಸ್ತಕ ತೆರೆದನು; ಕಣ್ಣಿಗೊತ್ತಿಕೊಳ್ಳುವುದನ್ನು ಮರೆತನು. ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದನು. ಗಾಳಿ ಬಾಗಿಲನ್ನು ಬಡಿಯಿತು. ಹೆಂಗಸು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಬೇಗ ಮಾರಾಯಾ" ಎಂದಳು. ಅವಳ ದನಿಯಲ್ಲಿ ಈಗ ಕೊಂಕು ಇರಲಿಲ್ಲ.

ಏಳನೆಯ ಸಾಲು ಸರ್ವರಿಗೆ ಹೇಳುತ್ತಿದ್ದುದು ಇಷ್ಟು: ಕಳುಹಿಸಬೇಡ, ಕಳುಹಿಸಿದೆ ಎಂದು ತೋರಿಸು.

ಅವನು ಆ ಸಾಲನ್ನು ಅಳಿಸಿ ಗುಂಡಿ ಒತ್ತಿದನು. ಮೇಜಿನ ಮೇಲಿನ ಫೋನು ಸದ್ದು ಮಾಡಿತು. ಹೆಂಗಸು ಬುಟ್ಟಿಯನ್ನು ಅಲ್ಲೇ ಬಿಟ್ಟು ತೀರಕ್ಕೆ ಓಡಿದಳು.

ಫೋನಿನ ಸಿಗ್ನಲ್ ಕಡಲಿನಲ್ಲಿ ಒಂದು ಎಲ್ಲೆಯವರೆಗೆ ಮಾತ್ರ. ಆ ಒಂದು ಗಂಟೆಯಲ್ಲಿ ಒಂದು ದೋಣಿ ಎಲ್ಲೆಯನ್ನು ದಾಟಿತ್ತು. ಸಂಜೆಯೊಳಗೆ ಮೂವತ್ತೊಂಬತ್ತು ದೋಣಿಗಳು ದಡಕ್ಕೆ ಬಂದವು. ಬಂದ ಬಂದ ದೋಣಿಯವರನ್ನೆಲ್ಲ ಅವಳು ಕೇಳಿದಳು. ಅವಳ ಮನೆಯವರನ್ನು ಕಂಡವರು ಯಾರೂ ಇರಲಿಲ್ಲ. ಅವಳ ಮನೆಯ ದೋಣಿ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅವಳ ಮೀನು ಮರಳಿನ ಮೇಲೆಯೇ ಮಳೆಯಲ್ಲಿ ನೆನೆಯಿತು.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರನಿಗೆ ಸಿಟ್ಟು ತಡೆಯಲಾಗಲಿಲ್ಲ. "ನೌಕರನದು ಹಾಗಿರಲಿ, ಅಂಥ ಸಾಲನ್ನು ಬರೆದಿಟ್ಟು ಹೋದ ಆ ಹಿರಿಯ ಎಂಥ ಅವಿವೇಕಿ!" ಎಂದನು.

"ಬರೆದ ದಿನ ಆ ಸಾಲು ಸರಿಯಾಗಿಯೇ ಇತ್ತು," ಎಂದರು ಗುರುಗಳು. "ಅದು ಮೀನುಗಾರಿಕೆಗೆ ರಜೆಯ ಕಾಲ. ದೋಣಿಗಳೆಲ್ಲ ದಡದಲ್ಲಿದ್ದವು. ಸರ್ವರನ್ನು ಪರೀಕ್ಷಿಸಬೇಕಿತ್ತು. ಸುಳ್ಳು ಸುದ್ದಿ ಕೇಳಿ ಹೆಂಗಸರು ಗಾಬರಿಯಾಗಬಾರದೆಂದು ಆ ಸಾಲನ್ನು ಸೇರಿಸಿದ. ಪರೀಕ್ಷೆ ಮುಗಿದ ಮೇಲೆ ಸರ್ವರಿನಿಂದ ಅಳಿಸಿದ. ಪುಸ್ತಕದಿಂದ ಅಳಿಸಲು ಮರೆತ."

"ಮರೆತವನು ಈಗ ಎಲ್ಲಿದ್ದಾನೆ, ಗುರುಗಳೇ?"

ಗುರುಗಳು ಹೇಳಿದರು: "ನಿನ್ನ ತೊಡೆಯ ಮೇಲಿರುವ ಪುಸ್ತಕವನ್ನು ಹೇಳಿ ಬರೆಸಿದವನೂ ಅವನೇ."