ಬೋಳುತಲೆಯ ನಾಯಕನಿಗೆ ಮದ್ದು

ಸಿಂಗಳೀಕಗಳ ಗುಂಪೊಂದಕ್ಕೆ ಕೇಸರಾಕ್ಷನೆಂಬವನು ನಾಯಕ. ತನ್ನ ಎತ್ತರದ ಕೊಂಬೆಯನ್ನು ಯಾವ ಪೋರ ಕಸಿದುಕೊಳ್ಳುತ್ತಾನೋ ಎಂಬ ಚಿಂತೆಯಲ್ಲಿ ಅವನಿಗೆ ಹಣ್ಣು ರುಚಿಸುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಮುಖದ ಸುತ್ತಲಿನ ಜೂಲು ಉದುರತೊಡಗಿದಾಗ ಕೆರೆದಂಡೆಯ ವೈದ್ಯ ಆಮೆಯ ಬಳಿಗೆ ಹೋದ.

ಆಮೆ ನಾಡಿ ಹಿಡಿದು ಹೇಳಿತು, "ಚಿಂತೆಯಿಂದ ಪಿತ್ತ ಕೆರಳಿದೆ, ನಾಯಕರೇ. ಕೆರಳಿದ ಪಿತ್ತ ಕೂದಲಿನ ಬುಡವನ್ನೇ ಸುಡುತ್ತದೆ. ತಲೆಗೆ ಭೃಂಗರಾಜದ ಎಣ್ಣೆ ಹಚ್ಚಿ, ತಲೆಯೊಳಗಿನ ಚಿಂತೆ ಬಿಡಿ."

"ಎಣ್ಣೆ ಕೊಡಿ ವೈದ್ಯರೇ. ಚಿಂತೆ ಬಿಟ್ಟರೆ ಕೊಂಬೆ ಹೋಗುತ್ತದೆ."

ಅವನು ಎಣ್ಣೆ ಹಚ್ಚಿದ, ಚಿಂತೆಯನ್ನೂ ಮಾಡಿದ. ತಲೆ ತೆಂಗಿನ ಚಿಪ್ಪಿನಂತಾಯಿತು. ನಾಚಿಕೆಯಿಂದ ಎಲೆಗಳ ಮರೆಯಲ್ಲಿ ಕೂತಿದ್ದಾಗ, ಅವನು ಎಲ್ಲರಿಗಿಂತ ಹೆಚ್ಚಾಗಿ ಹೆದರುತ್ತಿದ್ದ ಬಲಭುಜನೆಂಬ ಪೋರನೇ ಎದುರಿಗೆ ಬಂದ. ಕೆಲಸ ಕೆಟ್ಟಿತು ಎಂದುಕೊಂಡ ಕೇಸರಾಕ್ಷ. ಬಲಭುಜನೋ ಕೈಮುಗಿದು, "ಅಬ್ಬಾ, ಎಂಥ ತೇಜಸ್ಸು! ನಮಗಾಗಿ ಯೋಚಿಸಿ ಯೋಚಿಸಿ ತಲೆ ಸವೆಸಿದ್ದೀರಿ. ಈ ಕೊಂಬೆಗೆ ನಿಮ್ಮನ್ನು ಬಿಟ್ಟರೆ ಇನ್ಯಾರು?" ಎಂದ. ಮರುದಿನ ಗುಂಪಿನ ಪೋರರೆಲ್ಲ ಒಬ್ಬರ ಜೂಲನ್ನೊಬ್ಬರು ಕೀಳುತ್ತ ಕೂತಿದ್ದರು.

ಕೇಸರಾಕ್ಷನ ಚಿಂತೆ ಇಳಿಯಿತು. ಹೊಟ್ಟೆ ತುಂಬ ಹಲಸು ತಿಂದ, ಗೊರಕೆ ಹೊಡೆದ. ಮಳೆಗಾಲ ಕಳೆಯುವಷ್ಟರಲ್ಲಿ ನೆತ್ತಿಯ ಮೇಲೆ ಏನೋ ತರಿತರಿಯಾಗಿ ಕೈಗೆ ತಾಗಿತು. ಕೂಡಲೇ ಆಮೆಯ ಬಳಿಗೆ ಓಡಿದ.

"ವೈದ್ಯರೇ, ಕೂದಲು ಹುಟ್ಟುತ್ತಿದೆ! ಗುಂಪಿನವರು ನೋಡಿದರೆ ನನ್ನ ಗತಿಯೇನು? ಇದು ಬೆಳೆಯದಂತೆ ಏನಾದರೂ ಮದ್ದು ಕೊಡಿ."

ಆಮೆ ಅವನ ಮುಖವನ್ನೊಮ್ಮೆ ನೋಡಿತು. "ಮದ್ದೇಕೆ, ನಾಯಕರೇ? ಈಗ ಹಿಡಿದಿರುವ ಚಿಂತೆಯೇ ಸಾಕು, ತಾನಾಗಿಯೇ ಉದುರುತ್ತದೆ."