ಕಾಲಿಗೆ ಅಂಟಿದ ಗೋಡೆ

“ಕಡಲಂಚಿನ ಗುಡ್ಡದ ಮೇಲೆ ಅರಮನೆಯವರು ಅತಿಥಿಗಳಿಗಾಗಿ ವಿಹಾರದ ಮನೆ ಕಟ್ಟಿಸುವರು. ಅದನ್ನು ಯಾವುದರಿಂದ ಕಟ್ಟಬೇಕೆಂದು ಬಲ್ಲವರು ಬಂದು ಮೂರು ಒಗಟು ಬಿಡಿಸುವುದು. ಬಿಡಿಸಿದವರಿಗೆ ಆ ಕೆಲಸ, ಜೊತೆಗೆ ಬೇಡಿದ್ದು. ತಪ್ಪಿದವರ ತಲೆ ಅಮಾವಾಸ್ಯೆಯ ಬೆಳಿಗ್ಗೆ ಹೋಗುವುದು.”

ಕೆಂದರೆ ರಾಜ್ಯದ ಬೀದಿಬೀದಿಯಲ್ಲಿ ಡಂಗುರದವನು ಹೀಗೆ ಸಾರಿದ. ಇಷ್ಟು ಕಠಿಣ ಯಾಕೆಂದು ಯಾರೂ ಕೇಳಲಿಲ್ಲ, ಕಾರಣ ಎಲ್ಲರಿಗೂ ಗೊತ್ತಿತ್ತು. ಎರಡು ಮಳೆಗಾಲದ ಹಿಂದೆ, ಅದೇ ಗುಡ್ಡದಲ್ಲಿ, ಹಡಗಿನಲ್ಲಿ ತರಿಸಿದ ಅಮೃತಶಿಲೆ ಮತ್ತು ಎಲ್ಲಿಯದೋ ಮರದಿಂದ ಕಟ್ಟಿದ ಮಹಲು ಉಪ್ಪುಗಾಳಿಗೆ ಒಳಗೊಳಗೇ ಕೊಳೆತು ರಾಣಿಯ ಮೇಲೆ ಕುಸಿದು ಅವಳ ಜೀವ ತೆಗೆದಿತ್ತು. ಕಟ್ಟಿದವರು ಅಷ್ಟರಲ್ಲಿ ಹಡಗು ಹತ್ತಿ ಹೋಗಿದ್ದರು. ಅಂದಿನಿಂದ ರಾಜಕುಮಾರಿ ಬಾಚಲದೇವಿ ಒಂದು ಕಡೆ ಕೂತದ್ದನ್ನು ಯಾರೂ ಕಂಡಿಲ್ಲ. ಊಟವೂ ಓಡಾಡುತ್ತಲೇ.

ಒಗಟಿಗೆ ಮೊದಲು ಹೋದವನು ಇಟ್ಟಿಗೆ ಗೂಡಿನ ಬೀರ. ಒಗಟು ಮುಗಿಯುವ ಮೊದಲೇ “ಇಟ್ಟಿಗೆ” ಎಂದುಬಿಟ್ಟ. ಅವನಿಗೆ ಲೋಕದಲ್ಲಿ ಎಲ್ಲವೂ ಇಟ್ಟಿಗೆಯೇ. ಈಗ ಸೆರೆಯಲ್ಲಿದ್ದ. ನಾಳೆ ಅಮಾವಾಸ್ಯೆ.

ಅವನ ತಮ್ಮ ಸುಕ್ರ ಗೋಡೆಗೆ ಮಣ್ಣು ತುಳಿಯುವವನು. ಅಣ್ಣನನ್ನು ಬಿಡಿಸಿಕೊಳ್ಳಲು ಅವನಿಗೆ ಇದ್ದದ್ದು ಇದೊಂದೇ ದಾರಿ. ಬೆಳಗ್ಗೆಯೇ ಬಂದು ಅರಮನೆಯ ಹಿತ್ತಿಲಲ್ಲಿ, ಮಳೆಗೆ ನೆನೆದ ಹಳೆಯ ಮಣ್ಣಿನ ಗುಡ್ಡೆಯೊಂದರ ಮೇಲೆ ನಿಂತ. ಕಾಲು ಸುಮ್ಮನಿರಲಿಲ್ಲ.

“ಏಯ್, ಏನದು ಕುಣಿತ?” ಎಂದ ಕಾವಲುಗಾರ.

“ಹೆದರಿಕೆ ಅಣ್ಣಾ. ಹೆದರಿದಾಗ ಕಾಲು ತಾನೇ ತುಳಿಯುತ್ತೆ.”

“ಒಳಗೂ ಹೀಗೇ ತುಳಿದರೆ ನಾಳೆಯವರೆಗೂ ಕಾಯೋದಿಲ್ಲ ಅವರು. ಹೋಗು, ಕರೆದರು.”

ಸಭೆಯಲ್ಲಿ ಆ ದಿನ ಮೂವರು: ಮರದ ವ್ಯಾಪಾರಿ ತಿಮ್ಮಣಸೆಟ್ಟರು, ಶಿಲ್ಪಿ ದೇವೋಜ, ಸುಕ್ರ. ಸುಕ್ರನ ಹಿಂದೆ ನುಣ್ಣನೆಯ ನೆಲದ ಮೇಲೆ ಕೆಸರಿನ ಹೆಜ್ಜೆಗಳು ಸಾಲಾಗಿ ಮೂಡಿದ್ದವು. ಸೆಟ್ಟರು ಪಂಚೆ ಎತ್ತಿ ಹಿಡಿದು, “ಮನೆ ಕಟ್ಟುವ ಮೊದಲೇ ನೆಲ ಸಾರಿಸಿದ ನೋಡಿ” ಎಂದರು. ದೇವೋಜನೂ ಸೇರಿ ನಾಲ್ಕು ಜನ ನಕ್ಕರು.

ಬಾಚಲದೇವಿ ಕಿಟಕಿಯಿಂದ ಕಂಬಕ್ಕೆ, ಕಂಬದಿಂದ ಕಿಟಕಿಗೆ ನಡೆಯುತ್ತಲೇ ಹೇಳಿದಳು: “ಒಬ್ಬೊಬ್ಬರೇ ಹತ್ತಿರ ಬಂದು ಮೆಲ್ಲಗೆ ಉತ್ತರ ಹೇಳಿ. ಮೊದಲನೆಯದು. ನೆಲದೊಳಗೆ ಇರುವಾಗ ಕೊಡಲಿಗೆ ಬೆಲ್ಲದ ಹಾಗೆ ಸಿಗುತ್ತದೆ. ಹೊರಗೆ ಬಂದು ಗಾಳಿ ಬಿಸಿಲು ಕುಡಿದಷ್ಟೂ ಗಟ್ಟಿಯಾಗುತ್ತದೆ. ಬೆಂಕಿಯ ಮುಖ ಕಂಡಿಲ್ಲ. ಏನದು?”

‘ಅಯ್ಯೋ ಅಣ್ಣಾ, ಬೆಂಕಿ ಅನ್ನೋವರೆಗಾದರೂ ಕಾಯಬಾರದಿತ್ತೇ’ ಎಂದುಕೊಂಡ ಸುಕ್ರ. ಮೂವರೂ ಸರಿಯಾಗಿ ಹೇಳಿದರು.

“ಎರಡನೆಯದು. ತಾಯ ಮಡಿಲಿಂದ ಕಡಿದು ತಂದರೂ ಕೆಲವೇ ಮಳೆಗಾಲದಲ್ಲಿ ಆ ಮಡಿಲು ಮತ್ತೆ ತುಂಬಿರುತ್ತದೆ. ಒಡಲಲ್ಲಿ ಸಿಹಿ ಇರುವ ತನಕ ಹುಳಕ್ಕೆ ಊಟ. ನೀರಲ್ಲಿ ಮುಳುಗಿ ಸಿಹಿ ಕಳೆದುಕೊಂಡ ಮೇಲೆ ನಮ್ಮ ತಲೆಯ ಮೇಲಿನ ಮಾಡು.”

ಸೆಟ್ಟರು ಎಲ್ಲರಿಗಿಂತ ಮೊದಲು ಹೋಗಿ ಪಿಸುಗುಟ್ಟಿದರು. ಬಾಚಲದೇವಿ ನಡಿಗೆ ನಿಲ್ಲಿಸಲಿಲ್ಲ. “ಸೆಟ್ಟರು ತೇಗ ಅಂದರು. ತೇಗ ಕಡಿದ ಜಾಗ ತುಂಬುವಷ್ಟರಲ್ಲಿ ನನ್ನ ಮೊಮ್ಮಗಳು ಮುದುಕಿಯಾಗಿರುತ್ತಾಳೆ. ಕರೆದುಕೊಂಡು ಹೋಗಿ.” ಸೆಟ್ಟರ ಕೈಯಿಂದ ಪಂಚೆಯ ತುದಿ ಜಾರಿ ನೆಲಕ್ಕೆ ಬಿತ್ತು. ಉಳಿದಿಬ್ಬರ ಉತ್ತರ ಸರಿಯಿತ್ತು.

“ಮೂರನೆಯದು. ನಿಂತಾಗ ಮನೆ, ಬಿದ್ದಾಗ ಇನ್ನೊಂದು ಮನೆಯ ಬೀಜ. ಹೊಸದಕ್ಕಿಂತ ಹಳೆಯದರ ಹಿಡಿತ ಹೆಚ್ಚು. ಎಲ್ಲರೂ ಅದನ್ನು ಗುಡಿಸಿ ಹೊರಗೆ ಹಾಕುತ್ತಾರೆ.”

ದೇವೋಜ ಹಣೆ ಒರೆಸಿಕೊಂಡು ಹೋಗಿ ಹೇಳಿ ಬಂದ.

“ಕೆಡವಿದ ಗುಡಿಯ ಕಲ್ಲು ಅನ್ನುತ್ತಾರೆ ದೇವೋಜರು. ನೀವು ಅದನ್ನು ಗುಡಿಸಿ ಹಾಕುತ್ತೀರಾ? ಹೊತ್ತುಕೊಂಡೇ ಹೋಗುತ್ತೀರಿ.” ಅವನನ್ನೂ ಕರೆದೊಯ್ದರು.

ಸುಕ್ರನಿಗೆ ಏನೂ ಹೊಳೆಯಲಿಲ್ಲ. ಅಣ್ಣನ ಕುತ್ತಿಗೆ ಕಣ್ಣೆದುರು ಬಂತು, ಆಮೇಲೆ ತನ್ನದು. ತಲೆ ಎತ್ತಲಾಗದೆ ನೆಲ ನೋಡಿದ. ತನ್ನದೇ ಹೆಜ್ಜೆಗಳು ಕಂಡವು. ಬೆಳಗ್ಗಿನ ಕೆಸರು ಅಷ್ಟು ಹೊತ್ತಿಗೆ ಪೂರ್ತಿ ಒಣಗಿತ್ತು. ಬಗ್ಗಿ ಬೆರಳಿನಿಂದ ಒಂದನ್ನು ಎಬ್ಬಿಸಿದ. ಇಡೀ ಹೆಜ್ಜೆ ರೊಟ್ಟಿಯ ಹಾಗೆ ಮೇಲೆದ್ದಿತು. ಒಂದು ಬಿರುಕೂ ಇರಲಿಲ್ಲ.

ಅದನ್ನು ಅಂಗೈಯಲ್ಲಿಟ್ಟುಕೊಂಡು ಗಟ್ಟಿಯಾಗಿಯೇ ಕೇಳಿದ: “ಒಡತಿ, ಹಿತ್ತಿಲಲ್ಲಿ ಇರೋದು ಯಾವ ಮನೆಯ ಗೋಡೆ?”

ಬಾಚಲದೇವಿ ಅರ್ಧ ದಾರಿಯಲ್ಲಿ ನಿಂತಳು. “ಮಹಲಿಗೆ ಜಾಗ ಬೇಕೆಂದು ಕೆಡವಿ ಇಲ್ಲಿ ತಂದು ಸುರಿದ ಹಳೆಯ ವಿಹಾರದ ಮನೆಯದು. ಕೆಡವಬೇಡಿ ಅಂದಿದ್ದರು ಅಮ್ಮ. ಯಾರೂ ಕೇಳಲಿಲ್ಲ. ಉತ್ತರ ಹೇಳು.”

“ಬಿದ್ದ ಗೋಡೆಯ ಮಣ್ಣು. ಯಾರೋ ಹುಲ್ಲು, ಹುತ್ತದ ಮಣ್ಣು ಹಾಕಿ ಒಂದು ಸಲ ತುಳಿದು ಹದ ಮಾಡಿಟ್ಟಿದ್ದಾರೆ. ಹೊಸ ಮಣ್ಣಿಗೆ ಇದನ್ನು ಕಲಸಿದರೆ ಗೋಡೆ ಸೀಳಲ್ಲ. ಮೊದಲನೆಯದು ಈ ಗುಡ್ಡದ್ದೇ ಕೆಂಪು ಚಿರೆಕಲ್ಲು, ಅದು ಬುಡಕ್ಕೆ. ಎರಡನೆಯದು ಬಿದಿರು, ಹೊಳೆಯಲ್ಲಿ ನೆನೆಸಿದ್ದು, ಅದು ಮಾಡಿಗೆ. ಒಂದಕ್ಕೂ ಹಡಗು ಬೇಡ.”

“ಗೊತ್ತಿಲ್ಲದೆ ಕಟ್ಟುವವನು ಬೇರೆಯವರ ತಲೆ ಪಣಕ್ಕಿಡುತ್ತಾನೆ” ಎಂದಳು ಅವಳು. “ಅದಕ್ಕೇ ಕಟ್ಟಲು ಬಂದವರ ತಲೆಯನ್ನೇ ಪಣ ಕೇಳಿದೆ. ಈಗ ನಿನಗೇನು ಬೇಕು?”

“ನನ್ನ ಅಣ್ಣ. ಸೆಟ್ಟರು, ದೇವೋಜರೂ ಬೇಕು.”

“ನಿನ್ನನ್ನು ನೋಡಿ ನಕ್ಕವರು.”

“ಇಷ್ಟು ಮಣ್ಣು ತುಳಿಯಲು ತುಂಬ ಕಾಲು ಬೇಕು ಒಡತಿ. ತಲೆ ಹೋದರೆ ಕಾಲೂ ಬರಲ್ಲ.”

ಎರಡು ವರ್ಷದಲ್ಲಿ ಮೊದಲ ಸಲ ಅವಳ ತುಟಿ ನಗುವಿಗೆ ಸ್ವಲ್ಪ ಅಲುಗಿತು. ಸೆರೆಯ ಬಾಗಿಲು ತೆರೆಯಿತು.

ಮುಂದಿನ ಮಳೆಗಾಲದ ಹೊತ್ತಿಗೆ ಗುಡ್ಡದ ಮೇಲೆ ಮನೆ ನಿಂತಿತ್ತು. ಮಣ್ಣು ತುಳಿಯುವಾಗ ಸೆಟ್ಟರು ಎರಡು ಸಲ ಜಾರಿ ಬಿದ್ದಿದ್ದರು. ಇಟ್ಟಿಗೆಯಲ್ಲಿ ಇನ್ನೂ ಬೇಗ ಆಗುತ್ತಿತ್ತು ಎಂದು ಬೀರ ಕೊನೆಯವರೆಗೂ ಗೊಣಗಿದ್ದ.

ಮೊದಲ ಮಳೆಯ ಮಧ್ಯಾಹ್ನ ಬಾಚಲದೇವಿ ಒಬ್ಬಳೇ ಒಳಗೆ ಹೋದಳು. ಸುಕ್ರ ಜಗಲಿಯಲ್ಲಿ ನಿಂತು ಅವಳ ಹೆಜ್ಜೆ ಸಪ್ಪಳ ಕೇಳುತ್ತಿದ್ದ. ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಗಾಳಿ ಜೋರಾಯಿತು. ಬಿದಿರಿನ ಮಾಡು ಒಮ್ಮೆ ನರಳಿ ಸುಮ್ಮನಾಯಿತು. ಹೆಜ್ಜೆ ನಿಂತಿತು. ಸುಕ್ರ ಓಡಿ ಬಂದು ಬಾಗಿಲ ಸಂದಿಯಿಂದ ನೋಡಿದ.

ಅವಳು ಗೋಡೆಗೆ ಒರಗಿ ಕೂತಿದ್ದಳು.